ಹಾಲುಹಲ್ಲಿನ ನೆರಳು

ನಮ್ಮೂರಿನ ಎಳೆಮಕ್ಕಳನ್ನು ನೋಡಬೇಕೆಂದರೆ ನೀವು ನಡುಮಧ್ಯಾಹ್ನ ಬರಬೇಕು. ಬೆಳಿಗ್ಗೆ ಬಂದರೆ ಈ ಊರಿನಲ್ಲಿ ಮಕ್ಕಳೇ ಹುಟ್ಟುವುದಿಲ್ಲವೇನೋ ಅಂದುಕೊಳ್ಳುತ್ತೀರಿ. ಸಂಜೆಯೂ ಅಷ್ಟೇ. ಓಣಿಯಲ್ಲಿ ನಾಯಿ, ಕೋಳಿ, ಮುದುಕರು ಬಿಟ್ಟರೆ ಯಾರೂ ಕಾಣುವುದಿಲ್ಲ. ಸೂರ್ಯ ನೆತ್ತಿಗೆ ಬಂದು ನೆರಳು ಕಾಲಡಿಗೆ ಸೇರಿದ ಮೇಲೆ ಒಂದೊಂದೇ ಬಾಗಿಲು ತೆರೆಯುತ್ತದೆ. ತಾಯಂದಿರು ಕೂಸುಗಳನ್ನು ಹೊರಗೆ ಬಿಡುತ್ತಾರೆ. ಕಾದ ನೆಲದ ಮೇಲೆ ಅಂಗಾಲು ಸುಟ್ಟು ಕುಣಿಯುತ್ತಲೇ ಅವು ಆಡುತ್ತವೆ. ನೆರಳು ಒಂದು ಗೇಣು ಉದ್ದವಾಯಿತೋ, ಎತ್ತಿ ಸೊಂಟದ ಮೇಲೆ ಹಾಕಿಕೊಂಡು ಒಳಗೆ. ಪರವೂರಿನವರು ನಮ್ಮನ್ನು ಹುಚ್ಚರೆನ್ನುತ್ತಾರೆ. ಅನ್ನಲಿ. ಅವರ ಮಕ್ಕಳ ನೆರಳು ಮಕ್ಕಳಷ್ಟೇ ಇರುತ್ತದೆ, ಅವರಿಗೇನು ಗೊತ್ತು.

ನಮ್ಮಲ್ಲಿ ಹಾಲುಹಲ್ಲು ಬೀಳುವ ತನಕ ಕೂಸಿನ ನೆರಳು ಕೂಸಿನದಲ್ಲ. ಮುಂದೆ ಮೀಸೆ ಮೂಡುವ, ಸೀರೆ ಉಡುವ ವಯಸ್ಸಿನ ಯಾವುದೋ ಒಂದು ದಿನದ ನೆರಳು ಅದು. ಕೂಸು ಓಡಲಿ, ಬೀಳಲಿ, ಕೂತು ಮಣ್ಣು ತಿನ್ನಲಿ, ನೆರಳು ಮಾತ್ರ ಒಂದೇ ಭಂಗಿಯಲ್ಲಿ ಅದರ ಹಿಂದೆ ಜಾರುತ್ತಿರುತ್ತದೆ. ನನ್ನ ನೆರಳು ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಿಂದ ಏನನ್ನೋ ತಟ್ಟುವ ಭಂಗಿಯಲ್ಲಿತ್ತಂತೆ. "ರೊಟ್ಟಿ ತಟ್ಟಾಕ ಹುಟ್ಟ್ಯಾಳ" ಎಂದು ನಕ್ಕರಂತೆ. ಹೌದು, ತಟ್ಟುತ್ತೇನೆ. ಕೆಲವು ವರ್ಷ ಗಂಡನ ಮನೆಯಲ್ಲಿ ತಟ್ಟಿದೆ. ಅಲ್ಲಿ ತಿಂದವರಿಗೆ ಉಪ್ಪುಂಡ ನೆನಪಿರಲಿಲ್ಲ, ತಿರುಗಿ ಬಂದೆ. ಈಗ ಚಾವಡಿಯ ಹಿಂದಿನ ಕಟ್ಟೆಯ ಮೇಲೆ ಒಲೆ ಹೂಡಿ ತಟ್ಟಿ ಮಾರುತ್ತೇನೆ. ನನ್ನ ಗೆಳತಿ, ಪಕ್ಕದ ಮನೆಯ ನೀಲವ್ವನ ನೆರಳು ಮಲಗಿಬಿಟ್ಟಿತ್ತು. ಮಗಳು ಹರೆಯದಲ್ಲೇ ಸಾಯುತ್ತಾಳೆಂದು ಅವಳ ತಾಯಿ ಊಟ ಬಿಟ್ಟು ಅತ್ತಳು. ನೀಲವ್ವ ಸಾಯಲಿಲ್ಲ. ಅವಳಂಥ ನಿದ್ದೆಬುರುಕಿ ನಮ್ಮೂರಿನಲ್ಲಿ ಮತ್ತೊಬ್ಬಳಿಲ್ಲ, ಅಷ್ಟೇ.

ಮೂರು ತುಂಬಿದ ಕೂಸನ್ನು ಚಾವಡಿಯ ಮುಂದೆ ತಂದು ನಿಲ್ಲಿಸಲೇಬೇಕು. ಅಲ್ಲಿಯ ತನಕ ತಾಯಿ ಬಚ್ಚಿಡಬಹುದು, ಆಮೇಲೆ ಇಲ್ಲ. ಚಳಿಗಾಲದ ಬೆಳಿಗ್ಗೆ ನೆಲ ಸಾರಿಸಿ, ಕೂಸಿನ ಕೈಗೆ ಬೆಲ್ಲದ ಚೂರು ಕೊಟ್ಟು, ಏಳುವ ಸೂರ್ಯನಿಗೆ ಬೆನ್ನು ಮಾಡಿಸಿ ನಿಲ್ಲಿಸುತ್ತಾರೆ. ಹಿರಿಯರು ನೆರಳಿನ ಸುತ್ತ ಕೂರುತ್ತಾರೆ. ಹೊಡೆಯುವ, ಕಡಿಯುವ ನೆರಳು ಕಂಡರೆ ಅಲ್ಲೇ ಕೈಪಟ್ಟಿ. ತಾಯಿ ತನ್ನ ಸೀರೆಯ ಅಂಚಿನ ದಡಿ ಹರಿದುಕೊಡಬೇಕು. ಅದರಿಂದ ಕೂಸಿನ ಬಲಗೈಯನ್ನು ಸೊಂಟಕ್ಕೆ ಬಿಗಿಯುತ್ತಾರೆ. ಹೊಡೆಯಲು ಕಲಿಯದ ಕೈ ದೊಡ್ಡದಾದ ಮೇಲೂ ಹೊಡೆಯುವುದಿಲ್ಲ ಎಂಬುದು ನಮ್ಮವರ ಲೆಕ್ಕ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ಜೊತೆಗೆ ಹೇಳುತ್ತಾರೆ. ಪಟ್ಟಿ ಬಿಚ್ಚುವುದು ಮದುವೆಯಲ್ಲಿ, ಕಂಕಣ ಕಟ್ಟುವ ದಿನ. ಕೈ ಕಟ್ಟಿಸಿಕೊಂಡವನಿಗೆ ಹೆಣ್ಣು ಕೊಡುವವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನೆರಳು ಸುಳ್ಳಾಡುವುದಿಲ್ಲ ಎನ್ನುತ್ತಾರೆ, ಮತ್ತೆ ಅದನ್ನು ಸುಳ್ಳು ಮಾಡಲೆಂದೇ ಪಟ್ಟಿಯನ್ನೂ ಕಟ್ಟುತ್ತಾರೆ. ಎರಡನ್ನೂ ಒಂದೇ ಬಾಯಲ್ಲಿ ಹೇಳಬಲ್ಲ ಜನ ನಾವು.

ನನ್ನ ತಮ್ಮ ಗುರುಪಾದನನ್ನು ಚಾವಡಿಗೆ ಒಯ್ದ ದಿನ ಬೆಲ್ಲ ಹಿಡಿದುಕೊಂಡು ಹೋದವಳು ನಾನೇ. ಆಗ ನಾನು ಲಂಗ ಉಡುವ ಹುಡುಗಿ. ಹುಟ್ಟಿದ ಮೇಲೆ ಮೊದಲ ಸಲ ಎಳೆಬಿಸಿಲಿಗೆ ಬಂದ ಖುಷಿಗೆ ಅವನು ಸಾರಿಸಿದ ನೆಲದ ಮೇಲೆ ಜಿಗಿದಾಡುತ್ತಿದ್ದ. ಅವನ ಮುಂದೆ ಒಬ್ಬ ಗಂಡಸಿನ ಉದ್ದ ನೆರಳು ಬಿದ್ದಿತ್ತು. ಒಂದು ಕೈ ತಲೆಯ ಮೇಲಕ್ಕೆ ಎದ್ದಿತ್ತು. ಇನ್ನೊಂದು ಸೊಂಟದ ಮೇಲಿತ್ತು.

ಊರಿನ ಹಿರಿಯ ಸಿದ್ರಾಮಜ್ಜ ಬಹಳ ಹೊತ್ತು ನೋಡಿದ. ಅವನು ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಒಲೆ ಹತ್ತಿಲ್ಲವೆಂದು ಗೊತ್ತಾದರೂ ಜೋಳ ಕಳಿಸುವವನು. "ಕೈ ಎತ್ಯಾನ" ಎಂದ ಮೆಲ್ಲಗೆ.

ಅಪ್ಪ ಬಡಿಗ, ಮಾತು ಕಡಿಮೆ. ಆದರೆ ಅವತ್ತು ಬಾಯಿಬಿಟ್ಟ. "ಗಿಡದಾಗಿನ ಹಣ್ಣು ಹರ್ಯಾಕ ಎತ್ತಿರಬೇಕ್ರೀ ಅಜ್ಜಾರ. ನಾ ತೊಲಿ ಏರಿಸುವಾಗ ಹಿಂಗ ಎತ್ತತೀನಲ್ರೀ."

"ಸೊಂಟದ ಮ್ಯಾಲ ಕೈ ಇಟ್ಕೊಂಡು ಯಾರು ಹಣ್ಣು ಹರೀತಾರಪಾ? ತೊಲಿ ಒಂದ ಕೈಲೆ ಏರಿಸ್ತಿಯೇನು?" ಅಜ್ಜನ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. "ಒಂದು ಕೈ ಸೊಂಟದ ಮ್ಯಾಲ, ಒಂದು ಕೈ ಎದುರಿನವನ ಮ್ಯಾಲ. ಇದು ಸೊಕ್ಕಿನ ನಿಲುವು. ಯವ್ವಾ, ದಡಿ ಹರಿ."

ಅವ್ವ ಸೀರೆಯ ದಡಿ ಹರಿದಳು. ಕೆಂಪು ದಡಿ, ಗಟ್ಟಿ ನೇಯ್ಗೆ. ಸುಲಭಕ್ಕೆ ಹರಿಯದೆ ಹಲ್ಲಿನಿಂದ ಕಚ್ಚಬೇಕಾಯಿತು. ಇದೇನೋ ಆಟವೆಂದುಕೊಂಡ ಗುರುಪಾದ ತಾನಾಗಿಯೇ ಕೈ ಮುಂದೆ ಮಾಡಿದ. ಬೆಲ್ಲವನ್ನು ಎಡಗೈಗೆ ಬದಲಿಸಿಕೊಂಡು ನೆಕ್ಕುತ್ತಾ ಮನೆಗೆ ಬಂದ.

ಊರಿನವರು ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಕೆಟ್ಟವರಲ್ಲ. ಅವನನ್ನು ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಬೇರೆ ಹುಡುಗರು ಬಾಗಿಲಲ್ಲಿ ನಿಂತರೆ "ಹೋಗಲೇ ಅತ್ಲಾಗ" ಎನ್ನುವ ಹೆಂಗಸರು ಇವನು ನಿಂತರೆ "ಬಾರಪಾ, ಏನ್ ಬೇಕಪಾ" ಎಂದು ನಯವಾಗಿ ಕೇಳಿ, ಕೇಳಿದ್ದನ್ನು ದೂರದಿಂದ ಕೈ ಚಾಚಿ ಕೊಟ್ಟು, ಅವನು ಹೋಗುವ ತನಕ ತಮ್ಮ ಮಕ್ಕಳನ್ನು ಸೆರಗಿನೊಳಗೆ ಹಿಡಿದುಕೊಳ್ಳುತ್ತಿದ್ದರು. ಮದುವೆಮನೆಯ ಊಟದಲ್ಲಿ ಎಡಗೈಲಿ ಉಣ್ಣುವವನನ್ನು ಪಂಕ್ತಿಯಲ್ಲಿ ಕೂರಿಸುವುದಕ್ಕೆ ಬರುವುದಿಲ್ಲ. ಆದರೆ ಹಿತ್ತಲ ಬಾಗಿಲಲ್ಲಿ ಅವನಿಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಹೋಳಿಗೆ ಬೀಳುತ್ತಿತ್ತು. ಗುಡಿಯಲ್ಲಿ ಕೈ ಮುಗಿಯುವುದು ಒಂಟಿ ಕೈಲಿ ಆಗುವ ಕೆಲಸವಲ್ಲ. ಅವನು ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಪೂಜಾರಿ ಅವನಿಗೆ ತೀರ್ಥವನ್ನು ನೇರ ಬಾಯಿಗೇ ಹನಿಸುತ್ತಿದ್ದ. ಅದೂ ಪ್ರೀತಿಯಿಂದಲೇ.

ಅವನು ದೇವರಂಥ ಹುಡುಗನೇನೂ ಅಲ್ಲ. ಹಟಮಾರಿ. ಚಿನ್ನಿದಾಂಡಿಗೆ ಸೇರಿಸಿಕೊಳ್ಳದಿದ್ದರೆ ಚಿನ್ನಿಯನ್ನು ಬಾವಿಗೆಸೆದು ಬರುತ್ತಿದ್ದ. ಒಮ್ಮೆ ಫಕೀರಪ್ಪ ಎಂಬ ಹುಡುಗ ಇವನ ಪಟ್ಟಿ ಎಳೆದು "ಎತ್ತಲೇ ಕೈ, ನೋಡೋಣು" ಎಂದು ಕಾಡಿದ್ದಕ್ಕೆ ಅವನ ಭುಜ ಕಚ್ಚಿದ್ದ. ಫಕೀರಪ್ಪ ಆ ವಾರವೇ ಇನ್ನೊಬ್ಬನ ಹಲ್ಲು ಉದುರಿಸಿದ್ದನ್ನು ಊರು ಹುಡುಗಾಟ ಎಂದಿತು. ಗುರುಪಾದನ ಕಚ್ಚನ್ನು ನೋಡಲು ಜನ ಸಾಲಾಗಿ ಬಂದರು. "ಶುರುವಾತು ನೋಡ್ರಿ" ಎಂದು ತಲೆಯಾಡಿಸಿದರು. ಅಂದಿನಿಂದ ಅವ್ವ ಪಟ್ಟಿಯ ಗಂಟನ್ನು ಒಂದು ಸುತ್ತು ಹೆಚ್ಚು ಬಿಗಿದಳು.

ಹಾಲುಹಲ್ಲು ಬಿದ್ದು ನೆರಳು ತನ್ನಷ್ಟೇ ಆದ ವಯಸ್ಸಿಗೆ ಅವನೊಂದು ದಿನ ನನ್ನ ಪಕ್ಕ ಕೂತು ಕೇಳಿದ, "ಅಕ್ಕಾ, ನಾ ಯಾರಿಗೆ ಹೊಡೀತೀನಿ?"

ನಾನು ಜೋಳ ಹಸನು ಮಾಡುತ್ತಿದ್ದೆ. "ಯಾರಿಗೂ ಇಲ್ಲ. ಸುಮ್ನ ಕೂಡು."

"ಹಂಗಲ್ಲ. ನೆರಳಿನ ಮುಂದ ಯಾರೋ ಇರಬೇಕಲ್ಲ, ಅವ್ರು ಕಾಣಿಸಿಲ್ಲಂತ. ಯಾರಿರಬೇಕವರು?"

ಆಮೇಲೆ ಅವನಿಗೆ ಅದೇ ಕೆಲಸವಾಯಿತು. ಎದುರಿಗೆ ಬಂದವರ ಮುಖವನ್ನು ಎವೆಯಿಕ್ಕದೆ ನೋಡುತ್ತಿದ್ದ. ಮುಂದೆ ತಾನು ಹೊಡೆಯಲಿರುವ ಮನುಷ್ಯ ಇವನೇ ಇರಬಹುದೇ ಎಂದು ಹುಡುಕುತ್ತಿದ್ದ, ಆ ಮನುಷ್ಯನಿಗೆ ಮೊದಲೇ ಏನಾದರೂ ಒಳ್ಳೆಯದು ಮಾಡಿಟ್ಟರೆ ನಡೆದೀತೇನೋ ಎಂದು. ಯಾರದೋ ದನ ಹೊಡೆದು ತರುತ್ತಿದ್ದ, ಯಾರದೋ ಹಿತ್ತಲಿಗೆ ಸೌದೆ ಹಾಕುತ್ತಿದ್ದ. ಅವನ ನೋಟ ಕಂಡವರು ಬೇರೆಯೇ ಅರ್ಥ ಮಾಡಿಕೊಂಡರು. "ಹೆಂಗ ನೋಡ್ತಾನ ನೋಡು, ಅಳತಿ ತಗೊಂಡಂಗ" ಎಂದರು.

ಅಪ್ಪ ಮೊದಮೊದಲು ಅವನ ಪರವಾಗಿದ್ದ. ಹುಡುಗನ ತುಟಿಯ ಮೇಲೆ ಮೀಸೆ ಕರ್ರಗೆ ಕಂಡಾಗ ಅಪ್ಪನ ಹಾಸಿಗೆ ಪಡಸಾಲೆಯಿಂದ ಒಳಕೋಣೆಗೆ ಹೋಯಿತು. ಉಳಿ, ಬಾಚಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕತೊಡಗಿದ. ಗುರುಪಾದ ಒಂದು ದಿನ ನನ್ನಿಂದಲೂ ದೂರ ಸರಿದು ಕೂತ. ಚಿಕ್ಕಂದಿನಿಂದ ನನ್ನ ಕೈಯಿಂದಲೇ ಉಂಡ ಹುಡುಗ.

"ಯಾಕೋ, ಬಾ ಇತ್ಲಾಗ" ಎಂದೆ.

"ಬ್ಯಾಡಕ್ಕಾ. ನಿನಗ ಹೊಡದ್ರ?"

ಎದ್ದು ಹೋಗಿ ಅವನ ಪಕ್ಕವೇ ಕೂತೆ. ಅವನು ಮತ್ತೆ ಸರಿದ. ನಾನು ಮತ್ತೆ ಸರಿದೆ. ಹೀಗೆ ಪಡಸಾಲೆಯ ಗೋಡೆ ಬರುವ ತನಕ ಇಬ್ಬರೂ ಸರಿದೆವು. ಗೋಡೆ ಬಂದ ಮೇಲೆ ಅವನು ಅತ್ತ, ನಾನು ಅವನ ತಲೆಯನ್ನು ಹಿಡಿದುಕೊಂಡು ಊರಿಗೆಲ್ಲ ಶಾಪ ಹಾಕಿದೆ. ಅಂದು ಪಟ್ಟಿ ಬಿಚ್ಚಿ ಅವನ ಕೈ ನೋಡಿದೆ. ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ಎರೆಯುವಾಗ ಅವ್ವ ಮಾತ್ರ ನೋಡುತ್ತಿದ್ದ ಕೈ. ಎಡದೋಳು ಗಂಡಸಿನದು, ಬಲದೋಳು ಇನ್ನೂ ಚಾವಡಿಗೆ ಹೋದ ಕೂಸಿನದೇ ಏನೋ ಎನ್ನುವಂತೆ ತೆಳ್ಳಗೆ, ಬಿಳಿಚಿಕೊಂಡು, ಮೊಣಕೈಯಲ್ಲಿ ಮಡಚಿಕೊಂಡೇ ಇತ್ತು. ಚಾಚು ಎಂದೆ. ಬರಲಿಲ್ಲ. ಪಟ್ಟಿ ಇಲ್ಲದೆಯೂ ಅದು ಸೊಂಟಕ್ಕೇ ಅಂಟಿಕೊಂಡಿತು.

"ಕಟ್ಟಿಬಿಡಕ್ಕಾ" ಎಂದ. "ಹಿಂಗಿದ್ರ ಥಂಡಿ ಆಗತೈತಿ."

ನಾನು ಗಂಡನ ಮನೆ ಬಿಟ್ಟು ಬಂದು ಕಟ್ಟೆಯ ಮೇಲೆ ಒಲೆ ಹೂಡಿದಾಗ ಅವನೇ ನನಗೆ ಆಸರೆ. ಕಟ್ಟಿಗೆ ತರುತ್ತಿದ್ದ, ಎಡಗೈಲಿ ಊದುಗೊಳವೆ ಹಿಡಿದು ಒಲೆ ಊದುತ್ತಿದ್ದ, ಹಲ್ಲಿನಿಂದ ಚೀಲದ ಗಂಟು ಬಿಚ್ಚುತ್ತಿದ್ದ. ಅವನು ಇದ್ದಾಗ ಗಿರಾಕಿಗಳು ಕಡಿಮೆ ಬರುತ್ತಾರೆಂದು ತಿಳಿದ ಮೇಲೆ ಊಟದ ಹೊತ್ತಿಗೆ ತಾನೇ ಎಲ್ಲಿಗೋ ಹೋಗಿಬಿಡುತ್ತಿದ್ದ. ನಮ್ಮ ಓಣಿಯ ಪ್ರತಿ ಮನೆಯ ಬಾಗಿಲ ಹಿಂದೆ ಒಂದೊಂದು ಬಡಿಗೆ ಇತ್ತು. ನಾಯಿಗಳಿಗೆಂದು ನಾನು ತಿಳಿದಿದ್ದೆ. ನಮ್ಮೂರಿನ ನಾಯಿಗಳು ಬೊಗಳುವುದೂ ಇಲ್ಲ.

ಆ ದಿನ ಸಂತೆ ಮುಗಿದಿತ್ತು. ಇಳಿಹೊತ್ತು, ಒಲೆ ಆರಿಸಿ ಬೂದಿ ತೆಗೆಯುತ್ತಿದ್ದೆ. ಜೋಳದ ದಂಟಿನ ಕಣಿಕೆ ಹೇರಿದ ಬಂಡಿಯೊಂದು ಚಾವಡಿಯ ಗೋಡೆಯ ಪಕ್ಕ ಹಾದುಹೋಯಿತು. ಮೇಲೆ ಕೂತಿದ್ದವನು ಫಕೀರಪ್ಪ, ಸಂತೆಯಲ್ಲಿ ಚೆನ್ನಾಗಿ ಕುಡಿದಿದ್ದ. ನನ್ನ ಕಟ್ಟೆ ದಾಟಿ, ಮೂಲೆ ತಿರುಗಿದ ಮೇಲೆ ಧಪ್ಪೆಂದು ಸದ್ದಾಯಿತು. ಎತ್ತುಗಳು ತಮ್ಮ ಪಾಡಿಗೆ ಮನೆ ಕಡೆ ನಡೆದವು. ಮೊದಲು ಓಡಿದವನು ಗುರುಪಾದ. ಅವನು ಅಲ್ಲೇ ನನ್ನ ಕಟ್ಟಿಗೆ ಒಟ್ಟುತ್ತಿದ್ದ.

ನಾನು ಬೂದಿಯ ಕೈ ಒರೆಸಿಕೊಂಡು ಹೋಗುವಷ್ಟರಲ್ಲಿ ಹೆಂಗಸೊಬ್ಬಳು ಕೂಗಿಯಾಗಿತ್ತು. ಫಕೀರಪ್ಪ ಕಲ್ಲಿನ ಮೇಲೆ ಬಿದ್ದಿದ್ದ, ತಲೆಯಿಂದ ರಕ್ತ ಹರಿಯುತ್ತಿತ್ತು. ಗುರುಪಾದ ಮಂಡಿಯೂರಿ ಎಡಗೈಲಿ ಅವನ ತಲೆ ಎತ್ತಿ ಹಿಡಿದಿದ್ದ. ಗುರುಪಾದನ ಎದೆಯ ತುಂಬ ರಕ್ತ. ಓಣಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದವು. ಬಡಿಗೆಗಳು ಯಾಕಾಗಿ ಇದ್ದವೆಂದು ಅವತ್ತು ನನಗೆ ತಿಳಿಯಿತು. ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ಅವರಿಗೆ ವರ್ಷಗಟ್ಟಲೆಯಿಂದ ಗೊತ್ತಿತ್ತು, ಯಾರಿಗೆ ಎಂಬುದೊಂದು ಬಿಟ್ಟು.

"ನಾ ಅಲ್ರೀ" ಎಂದು ಗುರುಪಾದ ಎದ್ದು ನಿಂತ. "ಬಿದ್ದಾನ್ರೀ ಅಂವಾ, ಬಂಡಿ ಮ್ಯಾಲಿಂದ ಬಿದ್ದಾನ."

ಮೊದಲನೆಯ ಏಟು ಹೆಗಲಿಗೆ ಬಿತ್ತು. ಎರಡನೆಯದು ತಲೆಗೆ ಬರುತ್ತಿತ್ತು. ಅವನು ಎಡಗೈ ಎತ್ತಿ ತಲೆಗೆ ಅಡ್ಡ ಹಿಡಿದ. ಬಲಗೈ ಸೊಂಟದಲ್ಲೇ ಇತ್ತು, ಪಟ್ಟಿಯಲ್ಲಿ. ಪಡುವಣದ ಬಿಸಿಲು ಚಾವಡಿಯ ಸುಣ್ಣದ ಗೋಡೆಯ ಮೇಲೆ ಅವನ ನೆರಳನ್ನು ಎತ್ತರಕ್ಕೆ ಚೆಲ್ಲಿತು. ಒಂದು ಕೈ ತಲೆಯ ಮೇಲೆ, ಒಂದು ಕೈ ಸೊಂಟದ ಮೇಲೆ.

ಎಲ್ಲರೂ ಅದನ್ನು ನೋಡಿದರು. ಬಡಿಗೆಗಳು ನಿಂತವು. ಆ ಒಂದು ಗಳಿಗೆಯಲ್ಲಿ ನನಗೆ ಇಡೀ ವಿಷಯ ಬೆಳಕಿನಂತೆ ಕಂಡಿತು. ಅವರಿಗೂ ಕಂಡಿತೆಂದೇ ನಂಬಿ, "ನೋಡ್ರೀ! ನೋಡ್ರೋ ಅದನ್ನ!" ಎಂದು ಕಿರುಚಿದೆ. "ಹೌದು, ಅದ" ಎಂದ ಒಬ್ಬ. "ಅದ ನೆರಳು. ಬಂತು ಆ ದಿನ." ಮತ್ತೆ ಬಡಿಗೆಗಳು ಇಳಿದವು. ನಾನು ನಡುವೆ ನುಗ್ಗಿದೆ. ನನ್ನನ್ನು ಇಬ್ಬರು ಹೆಂಗಸರು ನಡುವಿಗೆ ಕೈಹಾಕಿ ಹಿಡಿದುಕೊಂಡರು. ಅವರಲ್ಲಿ ನೀಲವ್ವ ಒಬ್ಬಳು, "ಬ್ಯಾಡ ಬಾಳವ್ವಾ, ನಿನಗ ಬಡದೀತು" ಎಂದು ಅಳುತ್ತಿದ್ದಳು.

ದೀಪ ಹಚ್ಚುವ ಮೊದಲೇ ಗುರುಪಾದ ಸತ್ತ. ಫಕೀರಪ್ಪ ಸಾಯಲಿಲ್ಲ. ಮರುದಿನ ಅಮಲು ಇಳಿದು ಎಚ್ಚರಾದಾಗ, ಬಂಡಿಯ ಮೇಲಿಂದ ಜಾರಿದೆ ಎಂದು ತಾನಾಗಿಯೇ ಹೇಳಿದ. ಗುರುಪಾದನ ಸುದ್ದಿ ಕೇಳಿ, ಚಿಕ್ಕವನಿದ್ದಾಗ ಕಚ್ಚಿಸಿಕೊಂಡ ಭುಜವನ್ನು ಹಿಡಿದುಕೊಂಡು ಹೋ ಎಂದು ಅತ್ತನಂತೆ.

ಹಿರಿಯರು ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತರು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಾತಾಡಿದವಳು ನಾನು. "ಸೊಂಟದ ಮ್ಯಾಲಿನ ಕೈ ಸೊಕ್ಕಲ್ರೀ ಅಜ್ಜಾರ. ಅದು ನೀವು ಕಟ್ಟಿದ್ದು. ಎತ್ತಿದ ಕೈ ಹೊಡ್ಯಾಕಲ್ಲ, ನಿಮ್ಮ ಬಡಿಗಿ ತಡ್ಯಾಕ. ಎರಡು ಕೈ ಇದ್ದಿದ್ರ ಎರಡೂ ಎತ್ತತಿದ್ದ, ಉಳೀತಿದ್ನೋ ಏನೋ. ಕೂಸಿನ ನೆರಳಿನ್ಯಾಗ ನೀವು ನೋಡಿದ್ದು ನಿಮ್ಮನ್ನ. ನಿಮ್ಮ ಪಟ್ಟಿನ ನೋಡಿ, ಪಟ್ಟಿ ಕಟ್ಟಿದ್ರಿ."

ಸಿದ್ರಾಮಜ್ಜನ ಗಡ್ಡದ ಮೇಲೆ ಕಣ್ಣೀರು ಇಳಿಯಿತು. ಸುಳ್ಳು ಕಣ್ಣೀರಲ್ಲ. ನನ್ನ ಮಾತು ಅವನ ಎದೆಗೆ ನಾಟಿತೆಂದೇ ಅಂದುಕೊಂಡೆ.

"ಖರೆ ತಂಗಿ" ಎಂದ. "ಪಟ್ಟಿ ಸೈತ ತೋರಿಸಿತ್ತು ನೋಡು ಆ ನೆರಳು. ಎಷ್ಟು ಖರೆ ಹೇಳಿತ್ತು! ನಮಗ ಓದಾಕ ಬರಲಿಲ್ಲ." ಜೊತೆಯಲ್ಲಿದ್ದವರು ಹೌದು ಹೌದು ಎಂದರು. ಇನ್ನು ಮುಂದೆ ಒಬ್ಬರೇ ಓದುವುದು ಬೇಡ, ನಾಲ್ಕು ಮಂದಿ ಕೂಡಿ ಓದೋಣ, ಅವಸರ ಬೇಡ ಎಂದು ಅಲ್ಲೇ ಮಾತಾಯಿತು. ಎದ್ದು ಹೋಗುವಾಗ ಅಜ್ಜ ನನ್ನ ತಲೆಯ ಮೇಲೆ ಕೈಯಿಟ್ಟ. ನನಗೆ ಆ ಕೈಯನ್ನು ಕಚ್ಚಬೇಕೆನ್ನಿಸಿತು.

ಚಳಿಗಾಲ ಬಂತು. ನೀಲವ್ವನ ಮಗಳಿಗೆ ಮೂರು ತುಂಬಿತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಕೂಸು. ಮಧ್ಯಾಹ್ನದ ಬಿಸಿಲಿನಲ್ಲೇ ಬೆಳೆದು ಹುರಿದ ಕಡಲೆಯಂತಾಗಿತ್ತು. ಚಾವಡಿಯಲ್ಲಿ ನಾಲ್ಕು ಮಂದಿ ಕೂಡಿ ಓದಿದರು. ನೆರಳು ಬಾಗಿ ನಿಂತಿತ್ತಂತೆ, ಕೈಯಲ್ಲಿ ಏನೋ ಇತ್ತಂತೆ, ಕುಡುಗೋಲು ಇದ್ದರೂ ಇರಬಹುದಂತೆ. ಕಸಬರಿಗೆ ಯಾಕಾಗಬಾರದೆಂದು ನೀಲವ್ವ ಕೇಳಿದಳಂತೆ. ನಾಲ್ವರೂ ಅವಸರ ಮಾಡದೆ ಬಿಸಿಲೇರುವ ತನಕ ಕೂತು ನೋಡಿ, ಯಾವುದಕ್ಕೂ ಇರಲಿ ಎಂದರಂತೆ.

ನೀಲವ್ವ ಅಲ್ಲಿಂದ ನೇರ ನಮ್ಮ ಮನೆಗೆ ಬಂದಳು. ಕೂಸು ಅವಳ ಸೊಂಟದ ಮೇಲಿತ್ತು, ಬಾಯಿ ತುಂಬ ಬೆಲ್ಲ. ನಾನು ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ನನ್ನನ್ನು ನೋಡದೆ ಅವಳು ಅವ್ವನ ಮುಂದೆ ನಿಂತಳು. "ದೊಡ್ಡವ್ವಾ, ನನ್ನ ಸೀರಿ ದಡಿ ಎಲ್ಲಾ ಲಡ್ಡಾಗ್ಯಾವ, ಜಗ್ಗಿದ್ರ ಹರೀತಾವ. ಗುರುಪಾದಂದು ಐತೇನು?"

ಅವ್ವ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಪಟ್ಟಿ ಇತ್ತು. ಒಗೆದು, ಒಣಗಿಸಿ, ನೀಟಾಗಿ ಮಡಚಿಟ್ಟಿದ್ದಳು. ರಕ್ತದ ಕಲೆ ಹುಡುಕಿದರೂ ಇರಲಿಲ್ಲ. ಮಗ ಸತ್ತ ಮೇಲೆ ಒಂದು ಮಾತೂ ಆಡದಿದ್ದ ನನ್ನವ್ವ ಆಗ ಮಾತಾಡಿದಳು.

"ತೊಗೋಳವ್ವಾ. ಗಟ್ಟಿ ಐತಿ. ಅಂವಾ ಸಾಯೂತನಕ ಒಂದ ಎಳಿ ಬಿಟ್ಟಿಲ್ಲ."

ನಾನು ಮೊರ ಎಸೆದು ಎದ್ದು ಪಟ್ಟಿಯ ಒಂದು ತುದಿಯನ್ನು ಹಿಡಿದೆ. ಅವ್ವ ಇನ್ನೊಂದು ತುದಿಯನ್ನು ಬಿಡಲಿಲ್ಲ. ಬಿಡವ್ವಾ, ಸುಡ್ತೀನಿ ಇದನ್ನ ಎಂದೆ. ಅವಳು ತಲೆಯಾಡಿಸಿದಳು. ತಾಯಿ ಮಗಳು ಇಬ್ಬರೂ ಅಂಗಳದಲ್ಲಿ ಜಗ್ಗಾಡಿದೆವು. ಅಷ್ಟು ಎಳೆದರೂ ಅದು ಹರಿಯಲಿಲ್ಲ. ಕೂಸು ಇದೇನೋ ಆಟವೆಂದು ನಗುತ್ತಿತ್ತು. ನೀಲವ್ವ ಅದನ್ನು ಕೆಳಗಿಳಿಸಿ ನನ್ನ ಹತ್ತಿರ ಬಂದಳು. "ಬಿಡ ನಮ್ಮವ್ವ, ನಿನ್ನ ಕೈ ನೊಂದಾವು" ಎಂದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಮೆಲ್ಲಗೆ, ನೋವಾಗದ ಹಾಗೆ.